ಮಿದುಳಿನ ಆ ಗಂಟು ಅಂಟಿನ ಉಂಡೆಯಲ್ಲ, ಪರ್ಸಿ ಕಲ್ಲಿನ ಅಟ್ಟಿ

ಪ್ರಶ್ನೆ: ಮೇಡಂ, ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ. ನಮ್ಮ ಮುತ್ಯಾಗೆ ಏಳು ವರ್ಷದಿಂದ ಪಾರ್ಕಿನ್ಸನ್ ಇದೆ. ಕೈ ನಡುಗುತ್ತೆ, ನಡಿಗೆ ನಿಧಾನ. ಆಯಿಗೆ ಎರಡು ವರ್ಷದಿಂದ ಮರೆವು, ಅಲ್ಝೈಮರ್ ಅಂದಿದ್ದಾರೆ. ಇಬ್ಬರ ಮಿದುಳಿನಲ್ಲೂ ಪ್ರೋಟೀನ್ ಗಂಟು ಕಟ್ಟಿದೆ ಅಂತ ಡಾಕ್ಟರು ಹೇಳಿದರು. ಇಬ್ಬರಿಗೂ ಗಂಟೇ ಇದ್ದರೆ ರೋಗ ಬೇರೆ ಬೇರೆ ಯಾಕೆ? ಆ ಗಂಟು ನೋಡೋಕೆ ಹೇಗಿರುತ್ತೆ, ಕರಗಿಸೋಕೆ ಯಾಕೆ ಆಗಲ್ಲ? ಇದು ಹರಡುತ್ತಾ ಅಂತ ಪಕ್ಕದ ಮನೆಯವರು ಕೇಳ್ತಾರೆ. ಆಯಿಯ ಎಂಆರ್‌ಐ ಫಿಲ್ಮ್ ಕಿಟಕಿಗೆ ಹಿಡಿದು ನೋಡಿದೆ, ಗಂಟು ಏನೂ ಕಾಣಲಿಲ್ಲ. ಪ್ರೋಟೀನ್ ಜಾಸ್ತಿ ಆಗಿ ಹೀಗಾಯ್ತೇನೋ ಅಂತ ಇಬ್ಬರಿಗೂ ಬೇಳೆ, ಮೊಟ್ಟೆ ನಿಲ್ಲಿಸಿದ್ದೇವೆ. ಮಾಡಿದ್ದು ಸರಿನಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಬರುತ್ತೇನೆ ತಮ್ಮಾ, ಅದು ಕಾಯುವಂಥದ್ದಲ್ಲ. ಇವತ್ತು ರಾತ್ರಿಯಿಂದಲೇ ಇಬ್ಬರಿಗೂ ಬೇಳೆ ಬಡಿಸಿ, ಮೊಟ್ಟೆನೂ ಕೊಡಿ. ತೊಗರಿ ಬೆಳೆಯುವ ನಾಡಿನಲ್ಲಿ ಕೂತು ವಯಸ್ಸಾದ ಇಬ್ಬರು ಬೇಳೆ ಇಲ್ಲದೆ ಉಣ್ಣುತ್ತಿದ್ದಾರೆ ಅಂತ ಓದಿ ನನಗೆ ತುಂಬಾ ಸಂಕಟವಾಯಿತು. ನಾವು ತಿಂದ ಪ್ರೋಟೀನ್ ಇಡಿಯಾಗಿ ಹೋಗಿ ಮಿದುಳಿನಲ್ಲಿ ಕೂರುವುದಿಲ್ಲ. ಹೊಟ್ಟೆಯಲ್ಲಿ, ಕರುಳಿನಲ್ಲಿ ಅದು ಒಡೆದು ಅಮೈನೋ ಆಮ್ಲ ಅನ್ನುವ ಬಿಡಿ ಬಿಡಿ ತುಣುಕಾಗುತ್ತದೆ. ಮಿದುಳಿನಲ್ಲಿ ಗಂಟಾಗುವ ಪ್ರೋಟೀನನ್ನು ಅಲ್ಲಿನ ಜೀವಕೋಶಗಳು ತಮ್ಮ ದಿನದ ಕೆಲಸಕ್ಕೆ ತಾವೇ ಮಾಡಿಕೊಂಡಿರುತ್ತವೆ. ಅದು ನಿಮ್ಮ ತಲೆಯಲ್ಲೂ ಇದೆ, ನನ್ನ ತಲೆಯಲ್ಲೂ ಇದೆ. ವಯಸ್ಸಾದವರಿಗೆ ಬೇಳೆ ತಪ್ಪಿಸಿದರೆ ಗಂಟು ಕಮ್ಮಿಯಾಗುವುದಿಲ್ಲ, ತೋಳು ತೊಡೆಯ ಶಕ್ತಿ ಕಮ್ಮಿಯಾಗುತ್ತದೆ.

ಈ ಗೊಂದಲ ನಿಮ್ಮ ಮನೆಗೆ ಎಲ್ಲಿಂದ ಬಂದಿರಬಹುದು ಅಂತ ನನಗೊಂದು ಅಂದಾಜಿದೆ. ಮುತ್ಯಾ ತೆಗೆದುಕೊಳ್ಳುತ್ತಿರುವುದು ಲೆವೊಡೋಪಾ ಇರುವ ಮಾತ್ರೆಯಾದರೆ, ಅದನ್ನು ಬೇಳೆ, ಹಾಲು, ಮೊಟ್ಟೆಯ ಜೊತೆ ಕೊಡಬೇಡಿ ಅಂತ ಡಾಕ್ಟರು ಹೇಳಿರುತ್ತಾರೆ. ಯಾಕೆಂದರೆ ಲೆವೊಡೋಪಾ ಕೂಡ ಒಂದು ಅಮೈನೋ ಆಮ್ಲವೇ. ಕರುಳಿನಿಂದ ರಕ್ತಕ್ಕೆ, ಆಮೇಲೆ ರಕ್ತದಿಂದ ಮಿದುಳಿಗೆ ದಾಟಲು ಅದಕ್ಕೂ ಊಟದಿಂದ ಬಂದ ಕೆಲವು ಅಮೈನೋ ಆಮ್ಲಗಳಿಗೂ ಬಾಗಿಲು ಒಂದೇ. ಊಟದ ಹೊತ್ತಿಗೆ ನುಂಗಿದರೆ ಬಾಗಿಲಲ್ಲಿ ನೂಕುನುಗ್ಗಲಾಗಿ ಮಾತ್ರೆ ಹಿಂದೆ ಬೀಳುತ್ತದೆ, ಮೈ ಬಿಗಿ ಬಿಡುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ, ಒಂದು ಗಂಟೆ ಮೊದಲು ಕೊಡಿ ಅನ್ನುವುದು. ಇದು ವೇಳೆ ಹೊಂದಿಸುವ ಮಾತು ಅಷ್ಟೇ. ಆಯಿಗೆ ಇದು ಸಂಬಂಧವೇ ಇಲ್ಲ.

ಈಗ ಗಂಟಿಗೆ ಬರೋಣ. ಗಂಟು ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಹಿಟ್ಟು ಕಲಸುವಾಗ ಕಟ್ಟುವ ಗಂಟು, ಇಲ್ಲಾ ಅಂಟಿನ ಉಂಡೆ, ಅಲ್ವಾ? ದೂರದಿಂದ ನೋಡಿದರೆ ಹಾಗೇ ಕಾಣುತ್ತದೆ ಕೂಡ. 1906ರಲ್ಲಿ ಜರ್ಮನಿಯ ವೈದ್ಯ ಅಲೊಯಿಸ್ ಅಲ್ಝೈಮರ್, ಮರೆವು ಜಾಸ್ತಿಯಾಗಿ 55ನೇ ವಯಸ್ಸಿಗೆ ತೀರಿಕೊಂಡ ಒಬ್ಬ ಹೆಂಗಸಿನ ಮಿದುಳಿನ ತೆಳು ಪದರಕ್ಕೆ ಬೆಳ್ಳಿಯ ಲವಣ ಬಳಿದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಜೀವಕೋಶಗಳ ಹೊರಗೆ ಕಲೆ ಕಲೆಯಾಗಿ ಒಂದು ಬಗೆ, ಜೀವಕೋಶದ ಒಳಗೆ ನೂಲು ಸಿಕ್ಕುಬಿದ್ದ ಹಾಗೆ ಇನ್ನೊಂದು ಬಗೆ. ಹೊರಗಿನ ಕಲೆ ಬೀಟಾ ಅಮಿಲಾಯ್ಡ್ ಅನ್ನುವ ಚಿಕ್ಕ ಪ್ರೋಟೀನಿನದು, ಒಳಗಿನ ಸಿಕ್ಕು ಟೌ ಅನ್ನುವ ಪ್ರೋಟೀನಿನದು ಅಂತ ಗೊತ್ತಾಗಲು 1980ರ ದಶಕದವರೆಗೆ ಕಾಯಬೇಕಾಯಿತು. ಅಮಿಲಾಯ್ಡ್ ಅನ್ನುವ ಹೆಸರೇ ಒಂದು ತಪ್ಪು ತಿಳುವಳಿಕೆಯಿಂದ ಬಂದದ್ದು. 1854ರಲ್ಲಿ ವಿರ್ಕೋ ಅನ್ನುವ ವೈದ್ಯರು ಇಂಥ ಗಂಟಿಗೆ ಅಯೋಡಿನ್ ಹಾಕಿದಾಗ ಬಣ್ಣ ತಿರುಗಿತು, ಇದು ಗಂಜಿಯ ಜಾತಿಯ ಪಿಷ್ಟವೇ ಇರಬೇಕು ಅಂದುಕೊಂಡು ಪಿಷ್ಟದ ಹೆಸರೇ ಇಟ್ಟರು. ಐದೇ ವರ್ಷಕ್ಕೆ ಇದು ಪ್ರೋಟೀನ್ ಅಂತ ಗೊತ್ತಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು.

ಈ ಗಂಟಿನ ಒಳಗೆ ಒಂದು ಶಿಸ್ತು ಇದೆ ಅಂತ ನನಗೆ ಮನಸ್ಸಿಗೆ ತಟ್ಟಿದ್ದು ಬೆಂಗಳೂರಿನಲ್ಲಿ ಓದುವಾಗ. ಕಾಂಗೋ ರೆಡ್ ಅನ್ನುವ ಬಣ್ಣ ಇದೆ, ಮೂಲದಲ್ಲಿ ಹತ್ತಿ ಬಟ್ಟೆಗೆ ಹಾಕಲು ಮಾಡಿದ್ದು. ಅದನ್ನು ಬಳಿದ ಮಿದುಳಿನ ಸ್ಲೈಡು ನನ್ನ ಮುಂದಿತ್ತು. ಮಾಮೂಲಿ ಬೆಳಕಿನಲ್ಲಿ ಇಟ್ಟಿಗೆ ಕೆಂಪು ಕಲೆಗಳು, ಅಷ್ಟೇ. ಮೇಡಂ ಒಬ್ಬರು ಹಿಂದಿನಿಂದ ಕೈಚಾಚಿ ಬೆಳಕಿನ ಫಿಲ್ಟರ್ ಮೆಲ್ಲಗೆ ತಿರುಗಿಸಿದರು. ಸುತ್ತಲೂ ಕತ್ತಲಾಗಿ ಆ ಕಲೆ ಮಾತ್ರ ಎಳೆ ಸೇಬಿನ ಹಸಿರಾಗಿ ಹೊಳೆಯಿತು. ನಾನು ಎಷ್ಟು ಹೊತ್ತು ಆ ಫಿಲ್ಟರ್ ಹಿಂದೆ ಮುಂದೆ ತಿರುಗಿಸುತ್ತಾ ಕೂತಿದ್ದೆನೋ. ಅಡ್ಡಾದಿಡ್ಡಿ ಬಿದ್ದ ಮುದ್ದೆ ಹೀಗೆ ಹೊಳೆಯುವುದಿಲ್ಲ. ಬಣ್ಣದ ಕಣಗಳು ಸಾಲಾಗಿ ಒಂದೇ ದಿಕ್ಕಿಗೆ ಕೂತಾಗ ಮಾತ್ರ ಹಾಗೆ ಹೊಳೆಯುತ್ತದೆ, ಅವು ಸಾಲಾಗಿ ಕೂರಬೇಕಾದರೆ ಅವುಗಳ ಅಡಿಯಲ್ಲಿರುವ ಪ್ರೋಟೀನೂ ಸಾಲಾಗಿಯೇ ಇರಬೇಕು. ಬೆಲ್ಜಿಯಂನ ಡಿವ್ರಿ ಅನ್ನುವವರು 1927ರಲ್ಲೇ ಇದನ್ನು ಅಲ್ಝೈಮರ್ ಕಲೆಗಳಲ್ಲಿ ಕಂಡಿದ್ದರು.

ಆ ಸಾಲು ಹೇಗಿದೆ? ನಾನು ಹುಟ್ಟಿ ಬೆಳೆದದ್ದು ಚಿತ್ತಾಪುರದ ಕಡೆ. ನಮ್ಮಲ್ಲಿ ಕಲ್ಲಿನ ಗಣಿಯ ಹತ್ತಿರ ಹೋದರೆ ಶಹಾಬಾದಿ ಪರ್ಸಿ ಕಲ್ಲುಗಳನ್ನು ಒಂದರ ಮೇಲೊಂದು ಅಟ್ಟಿ ಹಾಕಿರುತ್ತಾರೆ, ಚಪ್ಪಟೆ ಕಲ್ಲು, ಅದರ ಮೇಲೆ ಅದೇ ಅಳತೆಯ ಕಲ್ಲು, ಅದರ ಮೇಲೆ ಮತ್ತೊಂದು. ಮಿದುಳಿನ ಗಂಟಿನ ಒಂದೊಂದು ಎಳೆಯೂ ಇಂಥ ಅಟ್ಟಿಯೇ. ಒಂದು ಪ್ರೋಟೀನ್ ಅಂದರೆ ಒಂದು ಪರ್ಸಿ. ಎರಡು ಪರ್ಸಿಗಳ ನಡುವಿನ ಅಂತರ ಸುಮಾರು 0.48 ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರ್ ಎತ್ತರದ ಅಟ್ಟಿ ಕಟ್ಟಬೇಕಾದರೆ ಸುಮಾರು 20 ಲಕ್ಷ ಪ್ರೋಟೀನ್ ಪೇರಿಸಬೇಕು. ಮಿದುಳಿನಲ್ಲಿ ಎಳೆಗಳು ಅಷ್ಟು ಉದ್ದ ಇರುವುದಿಲ್ಲ ಬಿಡಿ, ಆದರೂ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ ಉದ್ದದ ಎಳೆಯಲ್ಲೂ ಎರಡು ಸಾವಿರ ಪ್ರೋಟೀನ್ ಒಂದೇ ಭಂಗಿಯಲ್ಲಿ ಒಂದರ ಮೇಲೊಂದು ಮಲಗಿರುತ್ತವೆ.

ಆದರೆ ಪರ್ಸಿ ಕಲ್ಲು ಚೌಕ, ಪ್ರೋಟೀನ್ ಹಾಗಲ್ಲ. ಅದು ಸರಪಳಿ. ಇದನ್ನು ತೋರಿಸಲು ನಾನು ಒಂದು ಸಲ ಸೈಕಲ್ ರಿಪೇರಿ ಅಂಗಡಿಯಿಂದ ಹನ್ನೆರಡು ಹಳೇ ಚೈನು ತಂದಿದ್ದೆ. ಕ್ಲಾಸಿನ ನೆಲದ ಮೇಲೆ, ಅದೂ ಶಹಾಬಾದಿ ಕಲ್ಲಿನ ನೆಲವೇ, ಒಂದು ಚೈನನ್ನು ಅಡ್ಡ ಮಲಗಿಸಿ ಎರಡೂ ತುದಿ ಒಳಗೆ ಬಾಗಿಸಿ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮಾಡಿದೆ. ಚೈನಿನ ಒಂದೊಂದು ಕೊಂಡಿ ಒಂದೊಂದು ಅಮೈನೋ ಆಮ್ಲ ಅಂದುಕೊಳ್ಳಿ. ಒಬ್ಬ ಹುಡುಗಿ ಅದರ ಮೇಲೆ ಎರಡನೇ ಚೈನನ್ನು ಕೊಂಡಿಗೆ ಕೊಂಡಿ ಕೂರುವ ಹಾಗೆ ಮಲಗಿಸಿದಳು. ಮೂರನೆಯವನು ಅವಸರ ಮಾಡಿ ಒಂದು ತಿರುವು ತಪ್ಪಿಸಿದ, ಅವನ ಚೈನು ಅಲ್ಲೇ ಜಾರಿತು. ತಿರುವು ಸರಿಮಾಡಿ ಇಟ್ಟ ಮೇಲೆ ನಿಂತಿತು. ಎಲ್ಲರ ಕೈಗೂ ಗ್ರೀಸು. ಹನ್ನೆರಡನೇ ಚೈನು ಇಡುವ ಹೊತ್ತಿಗೆ ಯಾರೂ ಯೋಚನೆ ಮಾಡುತ್ತಿರಲಿಲ್ಲ, ಕೆಳಗಿನದು ಹೇಗೆ ಬಾಗಿದೆಯೋ ಹಾಗೇ ಬಾಗಿಸಿ ಇಡುತ್ತಿದ್ದರು. ರೋಗ ಬೆಳೆಯುವುದು ಹೀಗೇ. ಮೊದಲ ಕೆಲವು ಪ್ರೋಟೀನ್ ಒಂದು ಭಂಗಿಗೆ ಬೀಳುವುದು ಬಹಳ ಕಷ್ಟ, ಅದಕ್ಕೆ ವರ್ಷಗಳೇ ಹಿಡಿಯಬಹುದು. ಒಮ್ಮೆ ಬಿದ್ದರೆ ಆಮೇಲೆ ಬಂದವು ಕೆಳಗಿನದರ ಅಚ್ಚನ್ನೇ ಹಿಡಿಯುತ್ತವೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮೊಸರಿನ ಹೆಪ್ಪಿನಲ್ಲಿ ಜೀವ ಇರುವ ಬ್ಯಾಕ್ಟೀರಿಯಾ ಇರುತ್ತವೆ, ಇಲ್ಲಿ ಜೀವ ಇಲ್ಲ, ಬರೀ ಆಕಾರ ನೋಡಿ ಆಕಾರ ಹುಟ್ಟುತ್ತದೆ. ಎಳೆ ನಡುವೆ ಮುರಿದರೆ ಇನ್ನೂ ಕೆಟ್ಟದ್ದು, ಹೊಸ ಪ್ರೋಟೀನ್ ಬಂದು ಕೂರುವ ತುದಿಗಳು ಎರಡು ಇದ್ದದ್ದು ನಾಲ್ಕಾಗುತ್ತವೆ.

2017ರವರೆಗೆ ಮನುಷ್ಯರ ಮಿದುಳಿನಿಂದಲೇ ತೆಗೆದ ಎಳೆಯಲ್ಲಿ ಆ ಚೈನು ಎಲ್ಲೆಲ್ಲಿ ಬಾಗಿದೆ ಅಂತ ಯಾರೂ ಕಂಡಿರಲಿಲ್ಲ. ಆ ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಿಶೆಲ್ ಗೋಡರ್ಟ್, ಶೋರ್ಸ್ ಶೆರೆಸ್ ಮತ್ತು ಅವರ ಜೊತೆಗಾರರು ಅಲ್ಝೈಮರ್‌ನಿಂದ ತೀರಿಕೊಂಡ 74 ವರ್ಷದ ಒಬ್ಬ ಹೆಂಗಸಿನ ಮಿದುಳಿನಿಂದ ಟೌ ಎಳೆಗಳನ್ನು ತೆಗೆದು ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಈ ವಿಧಾನದಲ್ಲಿ ಎಳೆಗಳಿರುವ ನೀರಿನ ತೆಳು ಪದರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೆಪ್ಪುಗಟ್ಟಿಸುತ್ತಾರೆ, ಎಷ್ಟು ಬೇಗ ಅಂದರೆ ನೀರಿಗೆ ಮಂಜುಗಡ್ಡೆಯ ಹರಳಾಗಲೂ ಪುರುಸೊತ್ತು ಸಿಗದೆ ಗಾಜಿನ ಹಾಗೆ ನಿಂತುಬಿಡುತ್ತದೆ. ಆಮೇಲೆ ರಾಶಿ ರಾಶಿ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಾರೆ. ಈ ವಿಧಾನ ಬೆಳೆಸಿದ ಮೂವರಿಗೆ ಅದೇ ವರ್ಷ ರಸಾಯನಶಾಸ್ತ್ರದ ನೊಬೆಲ್ ಬಂತು.

ಕಂಡದ್ದು ಇದು. ಟೌ ಪ್ರೋಟೀನಿನಲ್ಲಿ 441ರವರೆಗೆ ಅಮೈನೋ ಆಮ್ಲ ಇರುತ್ತವೆ. ಎಲ್ಲವೂ ಅಟ್ಟಿಯೊಳಗೆ ಬರುವುದಿಲ್ಲ. 306ರಿಂದ 378ರವರೆಗಿನ 73 ಮಾತ್ರ ಬಿಗಿಯಾಗಿ ಸಿ ಆಕಾರಕ್ಕೆ ಮಡಚಿಕೊಂಡಿವೆ. ಉಳಿದ ಭಾಗ ಎರಡೂ ಕಡೆಯಿಂದ ಹೊರಗೆ ಚಾಚಿ ಸಡಿಲವಾಗಿ ಆಡುತ್ತಿರುತ್ತದೆ. ಸಜ್ಜೆ ತೆನೆ ನೋಡಿದ್ದೀರಲ್ಲ, ನಡುವೆ ಗಟ್ಟಿ ದಿಂಡು, ಸುತ್ತ ನವಿರು, ಹಾಗೆ. ಇಂಥ ಎರಡು ಸಿ ಅಟ್ಟಿಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತು, ಪದರಕ್ಕೆ ಸುಮಾರು ಒಂದು ಡಿಗ್ರಿಯಷ್ಟು ತಿರುಗುತ್ತಾ ಹಗ್ಗದ ಹುರಿಯ ಹಾಗೆ ಸುತ್ತಿಕೊಂಡಿವೆ. ಅಲ್ಝೈಮರ್ ಅವರು ಬೆಳ್ಳಿ ಬಳಿದು ನೋಡಿದ ಆ ಸಿಕ್ಕು ನೂಲು ಇಂಥ ಸಾವಿರಾರು ಹುರಿಗಳ ಕಂತೆ.

ಮುಂದೆ ಆದದ್ದೇ ನಿಮ್ಮ ಪ್ರಶ್ನೆಗೆ ಉತ್ತರ. ಟೌ ಗಂಟು ಕಟ್ಟುವ ರೋಗ ಅಲ್ಝೈಮರ್ ಒಂದೇ ಅಲ್ಲ. ಪಿಕ್ ಕಾಯಿಲೆ ಅಂತಿದೆ, ಅದರಲ್ಲಿ ಮರೆವಿಗಿಂತ ಮೊದಲು ಸ್ವಭಾವ ಕೆಡುತ್ತದೆ, ಮಾತು ಕೆಡುತ್ತದೆ. 2018ರಲ್ಲಿ ಅದರ ಟೌ ಎಳೆ ನೋಡಿದರೆ ಸಿ ಇಲ್ಲ, ಜೆ ಅಕ್ಷರದ ಹಾಗೆ ಉದ್ದಕ್ಕೆ ಮಡಚಿದ ಬೇರೆಯೇ ಆಕಾರ. 2019ರಲ್ಲಿ ತಲೆಗೆ ಪದೇ ಪದೇ ಏಟು ಬಿದ್ದ ಬಾಕ್ಸರ್‌ಗಳ ಥರದ ಆಟಗಾರರ ಮಿದುಳು ನೋಡಿದರು. ಅಲ್ಲೂ ಸಿ ಆಕಾರವೇ, ಆದರೆ ಬಾಯಿ ಸ್ವಲ್ಪ ಜಾಸ್ತಿ ತೆರೆದಿದೆ, ಒಳಗೊಂದು ಪೊಟರೆ ಇದೆ, ಪೊಟರೆಯಲ್ಲಿ ಪ್ರೋಟೀನ್ ಅಲ್ಲದ ಏನೋ ಒಂದು ಸಿಕ್ಕಿಕೊಂಡಿದೆ. ಆಮೇಲೆ ನಾಲ್ಕು ಮಡಿಕೆಯದು, ಮೂರು ಮಡಿಕೆಯದು ಅಂತ ಇನ್ನೂ ಸಿಕ್ಕವು, ಒಂದೊಂದೂ ಒಂದೊಂದು ರೋಗದ್ದು. ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಒಬ್ಬ ಅಲ್ಝೈಮರ್ ರೋಗಿಯಲ್ಲಿ ಕಂಡ ಮಡಿಕೆಯೇ ಎರಡನೆಯವರಲ್ಲೂ, ಮೂರನೆಯವರಲ್ಲೂ ಕಂಡಿತು. ಊರು ಬೇರೆ, ವಯಸ್ಸು ಬೇರೆ, ಮಡಿಕೆ ಅದೇ. ಪ್ರೋಟೀನ್ ಒಂದೇ ಆದರೂ ಅದು ಯಾವ ಭಂಗಿಗೆ ಬಿತ್ತು ಅನ್ನುವುದರ ಜೊತೆ ರೋಗ ಇಷ್ಟು ಬಿಗಿಯಾಗಿ ಹೊಂದಿಕೊಂಡಿದೆ. ಇಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ಹಿಂದೆ ಪ್ರಯೋಗಾಲಯದ ಕೊಳವೆಯಲ್ಲಿ ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಔಷಧಿ) ಹಾಕಿ ಟೌ ಎಳೆ ಬೆಳೆಸಿ, ಅದನ್ನೇ ರೋಗದ ಮಾದರಿ ಅಂದುಕೊಂಡು ಎಷ್ಟೋ ಕೆಲಸ ನಡೆದಿತ್ತು. ಆ ಎಳೆಗಳ ಮಡಿಕೆ ಮಿದುಳಿನ ಯಾವ ಮಡಿಕೆಗೂ ಹೊಂದಲಿಲ್ಲ. ಹಾಗಾಗಿ ಒಂದು ಔಷಧಿ ಕೊಳವೆಯಲ್ಲಿ ಎಳೆ ತಡೆಯಿತು ಅಂತ ಸುದ್ದಿ ಬಂದರೆ ನಾನು ಮೊದಲು ಕೇಳುವುದು, ಯಾವ ಎಳೆ?

ನಿಮ್ಮ ಮುತ್ಯಾರದು ಪ್ರೋಟೀನೇ ಬೇರೆ. ಅದರ ಹೆಸರು ಆಲ್ಫಾ ಸೈನ್ಯೂಕ್ಲಿನ್, 140 ಅಮೈನೋ ಆಮ್ಲದ ಚಿಕ್ಕ ಚೈನು. ನರಕೋಶದ ತುದಿಯಲ್ಲಿ, ಒಂದು ಕೋಶ ಇನ್ನೊಂದಕ್ಕೆ ರಾಸಾಯನಿಕ ಸುದ್ದಿ ಕಳಿಸುವ ಜಾಗದಲ್ಲಿ ಅದು ಇರುತ್ತದೆ. ಪಾರ್ಕಿನ್ಸನ್‌ನಲ್ಲಿ ಅದು ನರಕೋಶದ ಒಳಗೆ ದುಂಡಗೆ ಗಂಟಾಗುತ್ತದೆ. 1912ರಲ್ಲಿ ಲೆವಿ ಅನ್ನುವವರು ಅದನ್ನು ಮೊದಲು ಬಣ್ಣಿಸಿದ್ದಕ್ಕೆ ಲೆವಿ ಗಂಟು ಅಂತ ಹೆಸರು. ಆ ಗಂಟಿನ ಒಳಗೆ ಎಳೆಗಳ ಜೊತೆ ಕೊಬ್ಬಿನ ಪೊರೆಯ ಚೂರುಗಳೂ ಸಿಕ್ಕಿಕೊಂಡಿರುತ್ತವೆ. ಎಳೆಯ ಮಡಿಕೆ ಗೊತ್ತಾದದ್ದು 2022ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, ಇದೇ ಪ್ರೋಟೀನ್ ಬೇರೆ ಮಡಿಕೆಗೆ ಬಿದ್ದು ಮಲ್ಟಿಪಲ್ ಸಿಸ್ಟಂ ಅಟ್ರೋಫಿ ಅನ್ನುವ ಇನ್ನೊಂದು ರೋಗದಲ್ಲಿ ಇರುವುದು ಕಂಡಿತ್ತು. ಮುತ್ಯಾರ ಮಿದುಳಿನಲ್ಲಿ ಇದು, ಕೈಕಾಲು ಸಲೀಸಾಗಿ ಆಡಲು ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ಮಾಡುವ ಕೋಶಗಳಿಗೆ ಏಟು ಕೊಟ್ಟಿದೆ, ಅದಕ್ಕೆ ನಡುಕ, ಬಿಗಿ. ಆಯಿಯ ಮಿದುಳಿನಲ್ಲಿ ಟೌ ಸಿಕ್ಕು ಮೊದಲು ಹೊಸ ನೆನಪು ಕೂಡಿಡುವ ಜಾಗದ ಸುತ್ತ ಶುರುವಾಗುತ್ತದೆ, ಅದಕ್ಕೆ ಹಳೇ ಜಾತ್ರೆ ನೆನಪಿದ್ದು ಬೆಳಗಿನ ನಾಷ್ಟಾ ನೆನಪಿರುವುದಿಲ್ಲ. ಗಂಟು ಅನ್ನುವ ಮಾತು ಇಬ್ಬರಿಗೂ ಒಂದೇ. ಪ್ರೋಟೀನ್ ಬೇರೆ, ಮಡಿಕೆ ಬೇರೆ, ಮಿದುಳಿನ ಜಾಗ ಬೇರೆ.

ಯಾಕೆ ಕರಗುವುದಿಲ್ಲ ಅಂತ ಕೇಳಿದ್ದೀರಿ. ಪ್ರತಿ ಪದರವೂ ಮೇಲಿನ ಕೆಳಗಿನ ಪದರಕ್ಕೆ ಹೈಡ್ರೋಜನ್ ಬಂಧಗಳಿಂದ ಹೊಲಿದುಕೊಂಡಿರುತ್ತದೆ. ಒಂದೊಂದು ಬಂಧ ದುರ್ಬಲವೇ, ಆದರೆ ಪದರಕ್ಕೆ ಹತ್ತಾರು, ಎಳೆಯ ಉದ್ದಕ್ಕೂ ಲೆಕ್ಕವಿಲ್ಲದಷ್ಟು. ಇದರ ಮೇಲೆ, ಮಡಿಕೆಯ ಎರಡು ಮಗ್ಗುಲಿನ ಅಮೈನೋ ಆಮ್ಲಗಳು ಬ್ಯಾಗಿನ ಜಿಪ್ ಹಲ್ಲುಗಳ ಹಾಗೆ ಒಂದರೊಳಗೊಂದು ಕಚ್ಚಿಕೊಂಡು ನಡುವಿನ ನೀರನ್ನೆಲ್ಲ ಹೊರಹಾಕಿಬಿಡುತ್ತವೆ. ನೀರೇ ಹೋಗದ ಜಾಗಕ್ಕೆ ಕತ್ತರಿಸುವ ಕಿಣ್ವ ಹೇಗೆ ಹೋಗಬೇಕು? ಹಳೇ ಪ್ರೋಟೀನ್ ಒಡೆಯಲು ಜೀವಕೋಶದಲ್ಲಿ ಪ್ರೋಟಿಯಸೋಮ್ ಅಂತ ಒಂದು ಯಂತ್ರ ಇದೆ. ಅದು ಕಬ್ಬಿನ ಹಾಲಿನ ಗಾಣದ ಹಾಗೆ, ಜಲ್ಲೆಗಳನ್ನು ಒಂದೊಂದಾಗಿ ಕೊಟ್ಟರೆ ಅರೆಯುತ್ತದೆ, ಕಟ್ಟಿದ ಹೊರೆಯನ್ನೇ ನೂಕಿದರೆ ಬಾಯಿಗೇ ಹಿಡಿಯುವುದಿಲ್ಲ. ಎಳೆಯಿಂದ ಪ್ರೋಟೀನ್ ಬಿಡಿಸಿ ಎಳೆಯುವ ಸಹಾಯಕ ಪ್ರೋಟೀನ್‌ಗಳೂ ಇವೆ. ಆದರೆ ಅವು ಎಳೆದಾಗ ಎಳೆ ಚೂರಾಗಿ, ಆ ಚೂರುಗಳೇ ಹೊಸ ಹೆಪ್ಪಾಗಬಹುದು ಅಂತ ಪ್ರಯೋಗಗಳಲ್ಲಿ ಕಂಡಿದೆ.

ಔಷಧಿ ವಿಷಯ. ಬೀಟಾ ಅಮಿಲಾಯ್ಡ್ ಕಲೆ ತೊಳೆಯುವ ಲೆಕಾನೆಮ್ಯಾಬ್ ಅನ್ನುವ ಇಂಜೆಕ್ಷನ್‌ಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು. 1,795 ಜನರಲ್ಲಿ 18 ತಿಂಗಳು ಪರೀಕ್ಷೆ ಮಾಡಿದಾಗ, ಔಷಧಿ ಪಡೆದವರಲ್ಲಿ ರೋಗ ಶೇ 27ರಷ್ಟು ನಿಧಾನವಾಗಿ ಬೆಳೆಯಿತು. ನಿಂತಿಲ್ಲ, ನಿಧಾನವಾಯಿತು. ಹೋದ ನೆನಪು ವಾಪಸ್ ಬರುವುದಿಲ್ಲ, ಮಿದುಳು ಬಾವುವ ಮತ್ತು ರಕ್ತ ಜಿನುಗುವ ಅಪಾಯ ಇದೆ, ತೀರಾ ಶುರುವಿನ ಹಂತದವರಿಗೆ ಮಾತ್ರ. ಅದು ಜೀವಕೋಶದೊಳಗಿನ ಟೌ ಸಿಕ್ಕನ್ನು ನೇರವಾಗಿ ಬಿಡಿಸುವುದೂ ಇಲ್ಲ, ಮರೆವಿನ ಜೊತೆ ಹೆಚ್ಚು ಹೊಂದುವುದು ಆ ಸಿಕ್ಕೇ. ಕಲೆ ಇದ್ದೂ ನೆನಪು ಗಟ್ಟಿಯಾಗಿರುವ ಅಜ್ಜಿಯರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಇದಕ್ಕಾಗಿ ಹೊಲ ಮಾರುವ ಯೋಚನೆ ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ ದಯವಿಟ್ಟು ನರರೋಗ ತಜ್ಞರ ಹತ್ತಿರ ಕೂತು ಮಾತಾಡದೆ ಮುಂದುವರಿಯಬೇಡಿ. ಮುತ್ಯಾರ ಲೆವೊಡೋಪಾ ಕೂಡ ಗಂಟನ್ನು ಮುಟ್ಟುವುದಿಲ್ಲ, ಕಮ್ಮಿಯಾದ ಡೋಪಮೈನ್ ತುಂಬಿಕೊಡುತ್ತದೆ, ಆದರೆ ಆ ಕೆಲಸ ಚೆನ್ನಾಗಿ ಮಾಡುತ್ತದೆ. ನಸುಗುನ್ನಿ ಬೀಜದ ಪುಡಿ ಕೊಡಿ ಅಂತ ಯಾರಾದರೂ ಹೇಳಿರಬಹುದು. ಅದರಲ್ಲೂ ಲೆವೊಡೋಪಾ ಇರುವುದು ನಿಜ. ನಿಜ ಆಗಿರುವುದಕ್ಕೇ ಹೇಳುತ್ತಿದ್ದೇನೆ, ಮಾತ್ರೆಯ ಮೇಲೆ ಸುಮ್ನೆ ಅದನ್ನೂ ಸೇರಿಸಬೇಡಿ, ಪ್ರಮಾಣ ಮೀರುತ್ತದೆ.

ಹರಡುವ ಮಾತು ಬಿಟ್ಟುಬಿಡಿ. ಆಯಿಗೆ ಉಣ್ಣಿಸಿದರೆ, ಜೊತೆಗೆ ಮಲಗಿದರೆ, ಸ್ನಾನ ಮಾಡಿಸಿದರೆ ಏನೂ ಬರುವುದಿಲ್ಲ. ಗಂಟು ಒಬ್ಬರ ಮಿದುಳಿನೊಳಗೆ ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹೋಗುತ್ತದೆ. ಪಪುವಾ ನ್ಯೂ ಗಿನಿಯಲ್ಲಿ ಕುರು ಅನ್ನುವ ಪ್ರಿಯಾನ್ ರೋಗ, ಅಂದರೆ ಬೇರೊಂದು ಪ್ರೋಟೀನ್ ತಪ್ಪು ಭಂಗಿಗೆ ಬಿದ್ದು ಬರುವ ರೋಗ, ಜನರಲ್ಲಿ ಹರಡಿತ್ತು, ಅದಕ್ಕೆ ಕಾರಣ ತೀರಿಕೊಂಡವರ ಮಿದುಳನ್ನು ತಿನ್ನುವ ಅಲ್ಲಿನ ಪದ್ಧತಿ. ಪಕ್ಕದ ಮನೆಯವರಿಗೆ ಹೇಳಿ, ಬಂದು ಆಯಿಯ ಪಕ್ಕ ಕೂತು ಚಹಾ ಕುಡಿಯಲಿ.

ಇನ್ನು ಆ ಎಂಆರ್‌ಐ ಫಿಲ್ಮ್. ನೀವು ಕಿಟಕಿಗೆ ಹಿಡಿದು ಹುಡುಕಿದ್ದು ಓದಿ ನನಗೆ ನಿಮ್ಮ ಮುಖವೇ ಕಂಡ ಹಾಗಾಯಿತು. ಅದರಲ್ಲಿ ಗಂಟು ಕಾಣುವುದಿಲ್ಲ, ಯಾವ ಡಾಕ್ಟರಿಗೂ ಕಾಣುವುದಿಲ್ಲ. ಒಂದು ಎಳೆಯ ದಪ್ಪ ಹತ್ತಿಪ್ಪತ್ತು ನ್ಯಾನೋಮೀಟರ್, ತಲೆಗೂದಲಿನ ಸಾವಿರಾರರಲ್ಲಿ ಒಂದು ಪಾಲು. ಎಂಆರ್‌ಐ ತೋರಿಸುವುದು ಕೋಶಗಳು ಸತ್ತ ಮೇಲೆ ಮಿದುಳು ಎಷ್ಟು ಕುಗ್ಗಿದೆ ಅನ್ನುವುದನ್ನು, ಜೊತೆಗೆ ಗಡ್ಡೆ, ರಕ್ತ ಹೆಪ್ಪುಗಟ್ಟಿದ್ದು, ನೀರು ತುಂಬಿದ್ದು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅದು ಬೇಕು. ಗಂಟಿಗೆ ಅಂಟುವ ರಾಸಾಯನಿಕ ಕೊಟ್ಟು ಮಾಡುವ ಪೆಟ್ ಸ್ಕ್ಯಾನ್ ಬೇರೆ, ಅದರಲ್ಲಿ ಅಮಿಲಾಯ್ಡ್ ಮತ್ತು ಟೌ ಎಲ್ಲೆಲ್ಲಿ ಕೂಡಿದೆ ಅಂತ ಬಣ್ಣದಲ್ಲಿ ಕಾಣುತ್ತದೆ. ಮಡಿಕೆಯ ಆಕಾರ ಮಾತ್ರ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಅದನ್ನು ಕಂಡದ್ದೆಲ್ಲ ತಮ್ಮವರು ತೀರಿಕೊಂಡ ದಿನ, ಆ ದುಃಖದ ನಡುವೆಯೂ ಮಿದುಳನ್ನು ದಾನ ಕೊಟ್ಟ ಮನೆಯವರಿಂದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ಮಿದುಳು ಬ್ಯಾಂಕ್ ಇದೆ. ಆ 74 ವರ್ಷದ ತಾಯಿಯ ಮನೆಯವರು ಅವತ್ತು ಬೇಡ ಅಂದಿದ್ದರೆ, ನಿಮ್ಮ ಆಯಿಯ ತಲೆಯೊಳಗಿನ ಎಳೆ ಸಿ ಆಕಾರದ್ದು ಅಂತ ನಾನು ಇವತ್ತು ನಿಮಗೆ ಹೇಳಲು ಆಗುತ್ತಿರಲಿಲ್ಲ.